ಬೆಳಕಿನ ನಡೆಗಳ ಕೊಳುಕೊಡೆ

(ರಾಜ್ಯೋತ್ಸವದ ಅಂಗವಾಗಿ ಬೈಕುಲ್ಲಾದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಕವಿಗಳ ವಿಷಯ, ಶಾಸನಗಳ ವಿಷಯ, ಏಕೀಕರಣಕ್ಕಾಗಿ ದುಡಿದವರ ವಿಷಯ ಕೇಳುವುದು ವಾಡಿಕೆ. ೧೯೫೬ರ ನವೆಂಬರ್ ೧ನೆಯ ದಿನದ ನೆನಪಿಗೆ ಅದು ತಕ್ಕುದೂ ಹೌದು. ಈ ಸಲ ಸಂಘದವರು ವಿಜ್ಞಾನದ ವಿಷಯವೊಂದನ್ನು ಕನ್ನಡದಲ್ಲಿ ಹೇಳಬೇಕೆಂದು ನಮ್ಮನ್ನು ಕೇಳಿಕೊಂಡರು. ನಾವು ಆರಿಸಿಕೊಂಡ ವಿಷಯದ ಹೆಸರು ಕೇಳಿದರೆ ಯಾರಿಗಾದರೂ ಹಿಂಜರಿಕೆಯಾದೀತು: ಜಟಿಲವಾದ ಬೆಳಕಿನ ಕಾಲುವೆಗಳಲ್ಲಿ ಬೆಳಕಿನ ನಡೆಗಳು ಒಂದಕ್ಕೊಂದು ಕೊಟ್ಟು ತೆಗೆದುಕೊಳ್ಳುವ ಬಗೆಯನ್ನು ಕುರಿತ ಸಿದ್ಧಾಂತ. ಆದರೆ ಗಾಬರಿ ಬೇಡ. ಈ ಸಿದ್ಧಾಂತದ ಕೆಲಸ ನಮ್ಮ ಮನೆಯ ಮೆಟ್ಟಿಲ ಬಳಿಯಲ್ಲೇ ನಡೆಯುತ್ತಿದೆ.

ಬೈಕುಲ್ಲಾದ ಹಳೆಯ ಚಾಳುಗಳಲ್ಲಿಯೂ ಈಚೆಗೆ ಎದ್ದು ನಿಂತ ಎತ್ತರದ ಕಟ್ಟಡಗಳಲ್ಲಿಯೂ ಮೆಟ್ಟಿಲ ಗೋಡೆಗೆ ಒಂದು ಚಿಕ್ಕ ಪೆಟ್ಟಿಗೆಯನ್ನು ಬಡಿದಿರುವುದನ್ನು ತಾವು ನೋಡಿರಬಹುದು. ಇಂಟರ್‌ನೆಟ್ಟಿನ ಹುಡುಗರು ಬಂದಾಗ ಅದರ ಬಾಗಿಲು ತೆರೆಯುತ್ತಾರೆ. ಹೊರಗಿನಿಂದ ಒಂದು ಗಾಜಿನ ಎಳೆ ಅದರೊಳಕ್ಕೆ ಬರುತ್ತದೆ. ಎಂಟೋ ಹದಿನಾರೋ ಮೂವತ್ತೆರಡೋ ಎಳೆಗಳು ಅದರಿಂದ ಮನೆಮನೆಗೆ ಹೊರಡುತ್ತವೆ. ಬೆಳಕನ್ನು ಹಂಚುವ ಈ ಸಾಧನಕ್ಕೆ ಸ್ಪ್ಲಿಟರ್ ಎಂದು ಹೆಸರು. ಹಂಚುವ ಕೆಲಸಕ್ಕೆ ಅದರಲ್ಲಿ ವಿದ್ಯುತ್ತಿಲ್ಲ, ಚಲಿಸುವ ಭಾಗವಿಲ್ಲ, ಕಾವಲುಗಾರನಿಲ್ಲ. ಆದರೂ ಬಂದ ಬೆಳಕು ಎಲ್ಲ ಮನೆಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಊರಿನಲ್ಲಿರುವ ತಾಯಿಯ ಮುಖ ನಮ್ಮ ಕೈಯ ಫೋನಿನಲ್ಲಿ ಮೂಡುವುದಕ್ಕೆ ಮೊದಲು ಆ ಬೆಳಕು ಇಂಥ ಎಷ್ಟೋ ಹಂಚಿಕೆಗಳನ್ನು ದಾಟಿ ಬಂದಿರುತ್ತದೆ. ಹಂಚುವವರು ಯಾರು? ಹೇಗೆ? ಇದೇ ಇಂದಿನ ಪ್ರಶ್ನೆ.

ಮೊದಲು ಎಳೆಯನ್ನೇ ನೋಡೋಣ. ಅದರ ದಪ್ಪ ೧೨೫ ಮೈಕ್ರೋಮೀಟರ್, ಎಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರ ನಟ್ಟನಡುವೆ ಸುಮಾರು ೮-೯ ಮೈಕ್ರೋಮೀಟರಿನ ತಿರುಳು. ತಿರುಳೂ ಗಾಜು, ಸುತ್ತಲ ಹೊದಿಕೆಯೂ ಗಾಜು. ತಿರುಳಿನ ಗಾಜಿನಲ್ಲಿ ಬೆಳಕಿನ ವೇಗ ಹೊದಿಕೆಯ ಗಾಜಿಗಿಂತ ತುಸು ಕಡಿಮೆ. ವ್ಯತ್ಯಾಸ ನೂರಕ್ಕೆ ಅರ್ಧದಷ್ಟೂ ಇಲ್ಲ. ಬೆಳಕನ್ನು ತಿರುಳಿನಲ್ಲಿ ಹಿಡಿದು ನಡೆಸಲು ಅಷ್ಟೇ ಸಾಕು. ಈಗಿನ ಎಳೆಗಳು ಎಷ್ಟು ಶುದ್ಧವೆಂದರೆ, ೧,೫೫೦ ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕು ಅದರಲ್ಲಿ ೧೫ ಕಿಲೋಮೀಟರ್ ನಡೆದ ಮೇಲೂ ಅರ್ಧ ಉಳಿದಿರುತ್ತದೆ. ಬೋರಿಬಂದರಿನಿಂದ ಕುರ್ಲಾ ತಲಪುವಷ್ಟು ದಪ್ಪದ ಗಾಜಿನ ಗೋಡೆಯ ಆಚೆಗೆ ದೀಪ ಕಂಡಂತಾಯಿತು.

ಆದರೆ ಬೆಳಕು ಎಳೆಯಲ್ಲಿ ಹರಿಯುವುದು ನಲ್ಲಿಯ ಕೊಳವೆಯಲ್ಲಿ ನೀರು ಹರಿದಂತೆ ಎಂದು ತಿಳಿದರೆ ತಪ್ಪಾಗುತ್ತದೆ. ಕೊಳವೆಯ ನೀರು ಗೋಡೆಯಲ್ಲಿ ನಿಂತುಬಿಡುತ್ತದೆ. ಬೆಳಕು ಅಲೆ, ಗೆರೆ ಎಳೆದ ಕಡೆ ಥಟ್ಟನೆ ನಿಲ್ಲುವುದು ಅಲೆಯ ಸ್ವಭಾವವಲ್ಲ. ಊರಿನ ಹೊಲದ ಮಣ್ಣುಕಾಲುವೆಯನ್ನು ನೆನೆಸಿಕೊಳ್ಳಿ. ನೀರು ನಡುವೆ ಹರಿಯುತ್ತಿದ್ದರೂ ಎರಡು ದಡದ ಮಣ್ಣೂ ಸ್ವಲ್ಪ ದೂರದ ತನಕ ತೇವವಾಗಿರುತ್ತದೆ. ಹಾಗೆಯೇ ಬೆಳಕಿನ ಒಂದು ಪಾಲು ತಿರುಳಿನ ಹೊರಗೆ ಹೊದಿಕೆಯಲ್ಲಿ ಚಾಚಿಕೊಂಡಿರುತ್ತದೆ. ದೂರ ಸರಿದಂತೆ ಬೇಗಬೇಗನೆ ಕ್ಷೀಣಿಸುತ್ತದೆ. ಸಾಮಾನ್ಯ ಎಳೆಯಲ್ಲಿ ಈ ಹೊರಗಿನ ಪಾಲು ಒಟ್ಟು ಬೆಳಕಿನ ಸುಮಾರು ಕಾಲುಭಾಗ ಎಂದರೆ ತಮಗೆ ಆಶ್ಚರ್ಯವಾದೀತು. ಒಂದೇ ಭೇದ: ಹೊಲದ ತೇವ ಮಣ್ಣಿನಲ್ಲಿ ಇಂಗಿಹೋಗುತ್ತದೆ, ಬೆಳಕಿನ ಈ ತೇವ ಎಲ್ಲಿಯೂ ಇಂಗದೆ ನಡುವಿನ ಬೆಳಕಿನ ಜೊತೆಗೇ ಮುಂದೆ ಸಾಗುತ್ತದೆ. ಆದುದರಿಂದಲೇ ಬೆಳಕನ್ನು ಹಿಡಿದು ನಡೆಸುವ ಎಲ್ಲ ರಚನೆಗಳನ್ನೂ ನಾವು ಬೆಳಕಿನ ಕಾಲುವೆಗಳೆಂದು ಕರೆಯುತ್ತೇವೆ.

ಇನ್ನೊಂದು ಶಬ್ದ ಬೇಕು. ಕಾಲುವೆ ಅಗಲವಾಗಿದ್ದರೆ ಬೆಳಕು ಅದರಲ್ಲಿ ಹಲವು ಬಗೆಯಾಗಿ ಸಾಗಬಲ್ಲುದು: ಒಂದು ಬಗೆಯಲ್ಲಿ ನಡುವೆ ದಟ್ಟವಾಗಿ, ಇನ್ನೊಂದರಲ್ಲಿ ನಡುವೆ ಕತ್ತಲೆಯಿದ್ದು ಎರಡು ಬದಿಗೆ ದಟ್ಟವಾಗಿ, ಹೀಗೆ. ಪ್ರತಿಯೊಂದಕ್ಕೂ ತನ್ನದೇ ಆಕಾರ, ತನ್ನದೇ ಹೆಜ್ಜೆಯಳತೆ. ಹೆಜ್ಜೆಯಳತೆ ಎಂದರೆ ಇಂತಿಷ್ಟು ದೂರದಲ್ಲಿ ಅಲೆ ಎಷ್ಟು ಸಲ ಎದ್ದು ಬಿದ್ದಿತು ಎಂಬ ಲೆಕ್ಕ. ಯಕ್ಷಗಾನದಲ್ಲಿ ರಾಜವೇಷಕ್ಕೊಂದು ನಡೆ, ರಕ್ಕಸವೇಷಕ್ಕೊಂದು ನಡೆ ಇರುತ್ತದಲ್ಲವೆ? ಇಂಗ್ಲಿಷಿನವರು ಮೋಡ್ ಎನ್ನುವುದನ್ನು ನಾವು ಹಾಗೆಯೇ ನಡೆ ಎನ್ನೋಣ. ಕಾಲುವೆ ಸಾಕಷ್ಟು ಕಿರಿದಾಗಿದ್ದರೆ ಒಂದೇ ನಡೆಗೆ ಎಡೆಯುಂಟು. ಕಾಲುವೆ ನೆಟ್ಟಗಿದ್ದು, ಉದ್ದಕ್ಕೂ ಒಂದೇ ಸಮನಾಗಿದ್ದು, ನೆರೆಯಲ್ಲಿ ಯಾರೂ ಇಲ್ಲದಿದ್ದರೆ, ಒಂದು ನಡೆ ಇನ್ನೊಂದಕ್ಕೆ ಏನನ್ನೂ ಕೊಡುವುದಿಲ್ಲ, ಏನನ್ನೂ ತೆಗೆದುಕೊಳ್ಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಕಾಲುವೆ ಬಂದು, ಇದರ ತೇವ ಅದನ್ನು ತಾಕಿದಾಗ ಕೊಳುಕೊಡೆ ಮೊದಲಾಗುತ್ತದೆ.

ಇದನ್ನು ಕಣ್ಣಾರೆ ನೋಡಲು ಒಂದು ಪ್ರಯೋಗವುಂಟು. ಮಕ್ಕಳು ನಾಳೆಯೇ ಮಾಡಬಹುದು. ಗ್ಯಾಲರಿಯಲ್ಲಿ ಬಟ್ಟೆ ಒಣಗಹಾಕುವ ಹಗ್ಗವನ್ನು ಸ್ವಲ್ಪ ಸಡಿಲ ಮಾಡಿ. ಒಂದೇ ಉದ್ದದ ಎರಡು ದಾರಗಳಿಗೆ ಒಂದೇ ತೂಕದ ಎರಡು ಬೀಗಗಳನ್ನು ಕಟ್ಟಿ, ಒಂದು ಮೊಳದ ಅಂತರದಲ್ಲಿ ಆ ಹಗ್ಗದಿಂದ ಇಳಿಬಿಡಿ. ಒಂದು ಬೀಗವನ್ನು ಹಗ್ಗಕ್ಕೆ ಅಡ್ಡವಾಗಿ ಎಳೆದು ಬಿಡಿ, ಇನ್ನೊಂದನ್ನು ಮುಟ್ಟಬೇಡಿ. ಮೊದಲನೆಯದು ತೂಗುತ್ತ ತೂಗುತ್ತ ಮೆತ್ತಗಾಗುತ್ತದೆ. ಸುಮ್ಮನಿದ್ದ ಎರಡನೆಯದು ತೂಗತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಮೊದಲನೆಯದು ನಿಂತೇಹೋಗುತ್ತದೆ, ಎರಡನೆಯದು ಪೂರ್ತಿ ತೂಗುತ್ತಿರುತ್ತದೆ. ಅಲ್ಲಿಗೆ ಮುಗಿಯಲಿಲ್ಲ; ಪಡೆದದ್ದನ್ನು ಎರಡನೆಯದು ಮರಳಿ ಕೊಡಲು ಮೊದಲುಮಾಡುತ್ತದೆ. ಹಗ್ಗವನ್ನು ಬಿಗಿ ಮಾಡಿದರೆ ಈ ಕೊಳುಕೊಡೆ ನಿಧಾನವಾಗುತ್ತದೆ. ಈಗ ಒಂದು ದಾರವನ್ನು ನಾಲ್ಕು ಬೆರಳು ಮೋಟು ಮಾಡಿ ನೋಡಿ. ಹಗ್ಗ ಅದೇ, ಅಂತರ ಅದೇ. ಆದರೆ ಎರಡನೆಯ ಬೀಗ ಕೊಂಚ ಅಲುಗಾಡಿ ಸುಮ್ಮನಾಗುತ್ತದೆ. ಮೊದಲನೆಯದು ತನ್ನ ತೂಗಾಟವನ್ನು ಬಹುಪಾಲು ತಾನೇ ಉಳಿಸಿಕೊಳ್ಳುತ್ತದೆ.

ಸಿದ್ಧಾಂತದ ಹುರುಳೆಲ್ಲ ಈ ಹಗ್ಗದಲ್ಲಿದೆ. ಬೀಗಗಳಲ್ಲಿ ಹೊತ್ತು ಮಾಡುವ ಕೆಲಸವನ್ನು ಗಾಜಿನಲ್ಲಿ ಉದ್ದ ಮಾಡುತ್ತದೆ. ಎರಡು ಕಾಲುವೆಗಳು ಹತ್ತಿರ ಹತ್ತಿರ ಸಾಗಿದರೆ, ಒಂದರಲ್ಲಿ ಬಿಟ್ಟ ಬೆಳಕು ಒಂದು ಗೊತ್ತಾದ ದೂರದಲ್ಲಿ ಪೂರ್ತಿಯಾಗಿ ಇನ್ನೊಂದಕ್ಕೆ ದಾಟುತ್ತದೆ. ಅಷ್ಟೇ ದೂರ ಮತ್ತೆ ಹೋದರೆ ಹಿಂದಿರುಗುತ್ತದೆ. ಅರ್ಧ ದಾರಿಯಲ್ಲಿ ಎರಡನ್ನೂ ಬೇರ್ಪಡಿಸಿದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಕಾಲುವೆಗಳು ಹತ್ತಿರವಾದಷ್ಟೂ ದಾಟುವ ದೂರ ಕಡಿಮೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಮೋಟು ದಾರದ ಪಾಠ: ಹೆಜ್ಜೆ ಹೊಂದದಿದ್ದರೆ ಕೊಳುಕೊಡೆ ಪೂರ್ತಿಯಾಗುವುದಿಲ್ಲ. ಲೆಕ್ಕ ಹೀಗಿದೆ. ಎರಡು ನಡೆಗಳ ಹೆಜ್ಜೆಯಳತೆಯ ವ್ಯತ್ಯಾಸದಲ್ಲಿ ಅರ್ಧವನ್ನು ತೆಗೆದುಕೊಳ್ಳಿ. ಅದು ಸೊನ್ನೆಯಾದರೆ ಬೆಳಕೆಲ್ಲ ದಾಟುತ್ತದೆ. ಅದು ಕೊಳುಕೊಡೆಯ ಬಲಕ್ಕೆ ಸಮನಾದರೆ ಹೆಚ್ಚೆಂದರೆ ಅರ್ಧ ದಾಟುತ್ತದೆ. ಮೂರರಷ್ಟಾದರೆ ಹತ್ತರಲ್ಲಿ ಒಂದು ಪಾಲು. ಹತ್ತರಷ್ಟಾದರೆ ನೂರರಲ್ಲಿ ಒಂದು ಪಾಲೂ ಇಲ್ಲ.

ಹೀಗೇಕೆ? ಉತ್ತರ ನಮ್ಮ ರೈಲಿನಲ್ಲಿದೆ. ಬೈಕುಲ್ಲಾದಿಂದ ದಾದರಿನ ಕಡೆಗೆ ಸ್ಲೋ ಗಾಡಿ, ಫಾಸ್ಟ್ ಗಾಡಿ ಎರಡೂ ಪಕ್ಕಪಕ್ಕದ ಹಳಿಗಳಲ್ಲಿ ಒಟ್ಟಿಗೆ ಹೊರಟವೆನ್ನಿ. ಎರಡರ ವೇಗವೂ ಒಂದೇ ಆಗಿರುವ ತನಕ ಎದುರು ಬಾಗಿಲಿನಲ್ಲಿ ನಿಂತವನು ನಿಂತಲ್ಲೇ ಇರುವಂತೆ ಕಾಣುತ್ತಾನೆ. ಅವನೊಡನೆ ನಾಲ್ಕು ಮಾತನಾಡಬಹುದು. ಒಂದು ಗಾಡಿ ಮುಂದಾದರೆ ಮಾತು ಅರ್ಧಕ್ಕೇ ತುಂಡಾಗುತ್ತದೆ. ಬೆಳಕಿನಲ್ಲಿಯೂ ಹಾಗೆಯೇ. ಹೆಜ್ಜೆ ಹೊಂದಿದ್ದರೆ ಪ್ರತಿ ಹೆಜ್ಜೆಯಲ್ಲಿ ದಾಟಿದ ಹನಿ ಹಿಂದೆ ದಾಟಿದ ಹನಿಗೆ ಸೇರಿ ಹಳ್ಳವಾಗುತ್ತದೆ. ಹೊಂದದಿದ್ದರೆ ಈಗ ದಾಟಿದ್ದು ಹಿಂದೆ ದಾಟಿದ್ದನ್ನು ಅಳಿಸುತ್ತ ಹೋಗುತ್ತದೆ.

ಈ ತಿಳಿವಳಿಕೆ ಒಂದು ದಿನದಲ್ಲಿ ಬಂದುದಲ್ಲ, ಒಬ್ಬರಿಂದ ಬಂದುದೂ ಅಲ್ಲ. ವಿದ್ಯುತ್ತು ಹರಿಯದ ವಸ್ತುವಿನ ಸರಳಿನ ಮೇಲೆ ಅಲೆ ಹೇಗೆ ಸಾಗುತ್ತದೆಂಬುದನ್ನು ಹೊಂಡ್ರೋಸ್ ಮತ್ತು ಡೆಬೈ ೧೯೧೦ರಲ್ಲಿಯೇ ಲೆಕ್ಕ ಹಾಕಿದ್ದರು. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಪಿಯರ್ಸ್ ಮತ್ತು ಮಿಲ್ಲರ್ ನಡೆಗಳ ಕೊಳುಕೊಡೆಯ ಸಿದ್ಧಾಂತವನ್ನು ಮೈಕ್ರೋವೇವ್ ಅಲೆಗಳಿಗಾಗಿ ಕಟ್ಟಿಕೊಟ್ಟರು. ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಬೇರು ಬಿಡುತ್ತಿತ್ತೆಂಬುದನ್ನು ರಾಜ್ಯೋತ್ಸವದ ದಿನ ನೆನೆಯದಿದ್ದರೆ ತಪ್ಪಾದೀತು. ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ೧೯೪೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, ೧೯೫೩ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕರಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಯನ್ನು ಅಲ್ಲಿ ಬೆಳೆಸಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರೆಂದು ಅವರನ್ನು ಕರೆಯುವುದುಂಟು. ವಿದ್ಯುತ್ತು ಹರಿಯದ ವಸ್ತುಗಳಿಂದಾದ ಆಂಟೆನಾಗಳನ್ನು ಕುರಿತು ರಾಜೇಶ್ವರಿ ಚಟರ್ಜಿಯವರು ಒಂದು ಗ್ರಂಥವನ್ನೇ ಬರೆದಿದ್ದಾರೆ. ಸರಳಿನೊಳಗೆ ಎಷ್ಟು ಅಲೆ, ಹೊರಗೆ ಎಷ್ಟು ಅಲೆ ಎಂಬ ಅಲ್ಲಿಯ ಗಣಿತವೂ ನಮ್ಮ ಗಾಜಿನ ಎಳೆಯ ಗಣಿತವೂ ಒಂದೇ ಮನೆತನದವು, ಅಲೆಯುದ್ದವೊಂದೇ ಬೇರೆ. ಅವರು ೨೦೧೦ರಲ್ಲಿ ತೀರಿಕೊಂಡರು.

ಬೆಳಕಿಗೆ ಎಳೆ ಸಿಕ್ಕಿದ್ದು ಆಮೇಲೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹಾಪ್ಕಿನ್ಸ್ ಅವರೊಡನೆ ಗಾಜಿನ ಎಳೆಗಳ ಕಟ್ಟಿನಿಂದ ಚಿತ್ರವನ್ನು ಸಾಗಿಸಿ ತೋರಿಸಿ, ೧೯೫೪ರಲ್ಲಿ ಪ್ರಕಟಿಸಿದರು. ೧೯೬೬ರಲ್ಲಿ ಚಾರ್ಲ್ಸ್ ಕಾವೋ ಮತ್ತು ಹಾಕ್‌ಹ್ಯಾಂ, ಒಂದು ಕಿಲೋಮೀಟರ್ ನಡೆದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಗಾಜಿನ ಎಳೆ ದೂರಸಂಪರ್ಕಕ್ಕೆ ಸಾಕಾದೀತೆಂದು ತೋರಿಸಿಕೊಟ್ಟರು. ೧೯೭೦ರಲ್ಲಿ ಕಾರ್ನಿಂಗ್ ಕಂಪನಿಯವರು ಅದಕ್ಕಿಂತಲೂ ಒಳ್ಳೆಯ ಎಳೆ ತೆಗೆದರು. ಕಾವೋ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇತ್ತ ೧೯೬೯ರಲ್ಲಿ ಅದೇ ಮಿಲ್ಲರ್ ಮತ್ತು ಮಾರ್ಕಟಿಲಿ, ೧೯೭೨ರಲ್ಲಿ ಸ್ನೈಡರ್, ೧೯೭೩ರಲ್ಲಿ ಯಾರಿವ್, ಕೊಳುಕೊಡೆಯ ಸಿದ್ಧಾಂತವನ್ನು ಬೆಳಕಿನ ಕಾಲುವೆಗಳಿಗೆ ಹೊಂದಿಸಿದರು.

ಈಗ ಮೆಟ್ಟಿಲ ಪೆಟ್ಟಿಗೆಗೆ ಮರಳೋಣ. ಬೆಳಕು ಹಂಚುವ ಸಾಧನವನ್ನು ಮಾಡುವ ಒಂದು ಕ್ರಮ ಹೀಗಿದೆ. ಎರಡು ಎಳೆಗಳನ್ನು ಜೊತೆಗೂಡಿಸಿ, ಉರಿಯಲ್ಲಿ ಕಾಯಿಸಿ, ಎರಡೂ ತುದಿಗಳಿಂದ ಮೆಲ್ಲಗೆ ಎಳೆಯುತ್ತಾರೆ. ಪಾಕ ಎಳೆದಂತೆ ಗಾಜು ಎಳೆಯುತ್ತದೆ, ತೆಳ್ಳಗಾಗುತ್ತದೆ. ತೆಳ್ಳಗಾದಷ್ಟೂ ಬೆಳಕು ತಿರುಳಿನಲ್ಲಿ ಅಡಗಿರಲಾರದೆ ಹೊರಗೆ ಹರಡಿ ಪಕ್ಕದ ಎಳೆಯನ್ನು ತಾಕುತ್ತದೆ. ಒಂದು ಎಳೆಯಲ್ಲಿ ಬೆಳಕು ಬಿಟ್ಟು, ಎರಡೂ ತುದಿಗಳಲ್ಲಿ ಅಳೆಯುತ್ತ, ಸರಿಯಾಗಿ ಅರ್ಧ ಅರ್ಧ ಆದ ಗಳಿಗೆಯಲ್ಲಿ ಎಳೆಯುವುದನ್ನು ನಿಲ್ಲಿಸುತ್ತಾರೆ. ಹೀಗೆ ಅರ್ಧ ಮಾಡಿದ್ದನ್ನು ಮತ್ತೆ ಅರ್ಧ ಮಾಡುತ್ತ ಐದು ಸಲ ಹೋದರೆ ೩೨ ಪಾಲು. ದೊಡ್ಡ ಹಂಚಿಕೆಗಳಿಗೆ ಈಗ ಗಾಜಿನ ಚಪ್ಪಟೆ ಹಲಗೆಯ ಮೇಲೆ ಕವಲೊಡೆಯುವ ಕಾಲುವೆಗಳನ್ನೇ ರೂಪಿಸುವ ಕ್ರಮವೂ ಇದೆ.

ಇನ್ನೊಂದು ಸೊಗಸು. ದಾಟುವ ದೂರ ಅಲೆಯುದ್ದಕ್ಕೆ ತಕ್ಕಂತೆ ಬದಲಾಗುತ್ತದೆ. ಆದುದರಿಂದ ಒಂದು ಬಣ್ಣ ಪೂರ್ತಿ ದಾಟಿ, ಇನ್ನೊಂದು ದಾಟಿ ಹಿಂದಿರುಗುವಂತೆ ಉದ್ದವನ್ನು ಗೊತ್ತುಮಾಡಬಹುದು. ಆಗ ಎರಡು ಬಣ್ಣಗಳು ಒಂದೇ ಎಳೆಗೆ ಸೇರುತ್ತವೆ, ಇಲ್ಲವೆ ಬೇರಾಗುತ್ತವೆ. ಕಡಲಡಿಯ ಕೇಬಲ್ಲುಗಳಿಗೆ ಇದೇ ಆಧಾರ. ೧೮೭೦ರಲ್ಲಿ ಸುಯೆಜ್, ಏಡನ್ ಮಾರ್ಗವಾಗಿ ತಂತಿಯ ಕೇಬಲ್ಲು ಬೊಂಬಾಯಿಗೆ ಬಂದಿತ್ತು. ಈಗ ಇದೇ ಮುಂಬಯಿಯ ದಡಕ್ಕೆ ಗಾಜಿನ ಕೇಬಲ್ಲುಗಳು ಬಂದು ಸೇರುತ್ತವೆ. ಬಹು ದೂರ ನಡೆದು ದಣಿದ ಬೆಳಕಿಗೆ ಕಡಲಡಿಯಲ್ಲೇ ಬಲ ತುಂಬಬೇಕು. ಅದಕ್ಕಾಗಿ ಎರ್ಬಿಯಂ ಎಂಬ ಧಾತುವನ್ನು ಬೆರಸಿದ ಎಳೆಯೊಂದಕ್ಕೆ, ಸುದ್ದಿ ಹೊತ್ತ ೧,೫೫೦ ನ್ಯಾನೋಮೀಟರಿನ ಬೆಳಕನ್ನೂ ಬಲ ಕೊಡುವ ೯೮೦ ನ್ಯಾನೋಮೀಟರಿನ ಬೆಳಕನ್ನೂ ಕೂಡಿಸಿ ಕಳಿಸುತ್ತಾರೆ. ಕೂಡಿಸುವ ಕೆಲಸ ಇಂಥ ಜೋಡಿಯದೇ. ದುಬೈಯಲ್ಲಿಯೋ ಕುವೈತಿನಲ್ಲಿಯೋ ಇರುವ ಮಗನ ದನಿ ಇಲ್ಲಿಯ ತಾಯಿಗೆ ಕೇಳಿಸುವುದರ ಹಿಂದೆ ಇಂಥ ಕೊಳುಕೊಡೆಗಳಿವೆ.

ಸಿದ್ಧಾಂತವನ್ನು ಹೊಗಳಿದ್ದಾಯಿತು, ಅದು ಎಡವಿದ ಸ್ಥಳವನ್ನೂ ಹೇಳಬೇಕು. ಮೊದಲಿನ ಸಿದ್ಧಾಂತ ಒಂದು ಸಲಿಗೆ ತೆಗೆದುಕೊಂಡಿತ್ತು: ಎರಡು 'ಕಾಲುವೆಗಳಲ್ಲಿ ಪ್ರತಿಯೊಂದರ ನಡೆಯೂ ಅದು ಒಂಟಿಯಾಗಿದ್ದಾಗ ಹೇಗಿತ್ತೋ ಹಾಗೆಯೇ ಇದೆ, ನೆರೆಯಿಂದಾಗಿ ಕೊಂಚ ಕೊಡುವುದು ಕೊಂಚ ತೆಗೆದುಕೊಳ್ಳುವುದು ಮಾತ್ರ ಸೇರಿದೆ' ಎಂದು. ಕಾಲುವೆಗಳು ದೂರವಿದ್ದರೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ತೀರ ಹತ್ತಿರವಾದಾಗ, ಅಥವಾ ಎರಡರ ಗಾತ್ರ ಬೇರೆ ಬೇರೆಯಾದಾಗ, ಕೂಡಿಸಿದ ಮೊತ್ತ ತಾಳೆಯಾಗುವುದಿಲ್ಲ. ಕಾರಣ ಸರಳ. ಎರಡು ನಡೆಗಳೂ ಒಂದರ ಮೇಲೊಂದು ಹಾಯ್ದಿರುವ ಜಾಗದ ಬೆಳಕು ಯಾರ ಖಾತೆಯದು? ಇಬ್ಬರ ಖಾತೆಯಲ್ಲೂ ಪ್ರತ್ಯೇಕವಾಗಿ ಬರೆದು ಕೂಡಿಸಿದರೆ ಲೆಕ್ಕ ತಪ್ಪದೆ ಇರುತ್ತದೆಯೆ? ೧೯೮೫ರಲ್ಲಿ ಹಾರ್ಡಿ ಮತ್ತು ಸ್ಟ್ರೈಫರ್ ಈ ಹಾಯ್ದ ಪಾಲನ್ನೂ ಲೆಕ್ಕಕ್ಕೆ ಸೇರಿಸಿದ ಹೊಸ ಸೂತ್ರಗಳನ್ನು ಕೊಟ್ಟರು. ೧೯೮೭ರಲ್ಲಿ ಸ್ನೈಡರ್ ಮತ್ತು ಅವರ ಜೊತೆಗಾರರು ಹೊಸ ಸೂತ್ರಗಳಲ್ಲಿಯೂ ಮೂಲದಲ್ಲೇ ದೋಷವಿದೆಯೆಂದು ಬರೆದರು. ಕೆಲವು ವರ್ಷ ಬಿಸಿಬಿಸಿ ವಾದ ನಡೆಯಿತು.

ವಾದದಿಂದ ತಿಳಿದುಬಂದದ್ದು ನಮ್ಮ ಹಗ್ಗದಲ್ಲಿಯೂ ಇದೆ. ಎರಡು ಬೀಗಗಳನ್ನೂ ಒಂದೇ ದಿಕ್ಕಿಗೆ ಸಮನಾಗಿ ಎಳೆದು ಬಿಡಿ. ಅವು ಜೊತೆಯಾಗಿಯೇ ತೂಗುತ್ತಿರುತ್ತವೆ, ಕೊಳುಕೊಡೆಯೇ ಕಾಣದು. ಎದುರು ಬದುರು ದಿಕ್ಕಿಗೆ ಎಳೆದು ಬಿಡಿ. ಆಗಲೂ ಹಾಗೆಯೇ, ಕೊನೆಯ ತನಕ ಎದುರು ಬದುರಾಗಿಯೇ ತೂಗುತ್ತವೆ. ಜೋಡಿಯ ನಿಜವಾದ ನಡೆಗಳು ಈ ಎರಡೇ, ಇವನ್ನು ಕೂಡುನಡೆಗಳೆನ್ನೋಣ. ಒಂದನ್ನು ಮಾತ್ರ ಎಳೆದು ಬಿಟ್ಟಾಗ ನಾವು ಎರಡು ಕೂಡುನಡೆಗಳನ್ನೂ ಸಮನಾಗಿ ಎಬ್ಬಿಸಿರುತ್ತೇವೆ. ಅವುಗಳ ಲಯದಲ್ಲಿರುವ ಕಿರಿದಾದ ವ್ಯತ್ಯಾಸವೇ ಕೊಟ್ಟು ತೆಗೆದುಕೊಂಡಂತೆ ನಮಗೆ ಕಾಣುತ್ತದೆ. ಉರಿಯಲ್ಲಿ ಬೆಸೆದ ಎಳೆಗಳಲ್ಲಿ ಗಾಜು ಒಂದೇ ಆಗಿಬಿಟ್ಟಿರುತ್ತದೆ. ಅಲ್ಲಿ ಇದು ನಿನ್ನದು, ಇದು ನನ್ನದು ಎಂಬ ಲೆಕ್ಕ ಬಿಟ್ಟು ಕೂಡುನಡೆಗಳಿಂದಲೇ ಹೊರಡಬೇಕು. ದೂರದ ನೆರೆಗೆ ಒಂಟಿ ಲೆಕ್ಕ ಸಾಕು, ಒಂದೇ ಒಲೆಯ ನೆರೆಗೆ ಕೂಡುಲೆಕ್ಕವೇ ಬೇಕು.

ಈಗ ಜಟಿಲವಾದ ಕಾಲುವೆಗಳಿಗೆ ಬರೋಣ. ಒಂದೇ ಹೊದಿಕೆಯೊಳಗೆ ಏಳು ಅಥವಾ ಹತ್ತೊಂಬತ್ತು ತಿರುಳುಗಳನ್ನಿಟ್ಟ ಎಳೆಗಳನ್ನು ಮಾಡಿದ್ದಾರೆ. ಒಂದು ಕೋಣೆಯಲ್ಲಿ ಏಳು ಸಂಸಾರಗಳಿದ್ದಂತೆ. ಪ್ರತಿಯೊಂದು ತಿರುಳೂ ತನ್ನ ಸುದ್ದಿಯನ್ನು ತಾನೇ ಹೊತ್ತೊಯ್ಯಬೇಕು; ಒಂದರ ಮಾತು ಇನ್ನೊಂದಕ್ಕೆ ಸೋರಬಾರದು. ಗೋಡೆ ದಪ್ಪ ಮಾಡಿದರೆ ಸಹಾಯವಾಗುತ್ತದೆ, ಆದರೆ ಜಾಗವೆಲ್ಲಿ? ೨೦೦೯ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಉಪಾಯವನ್ನು ಮುಂದಿಟ್ಟರು: ನೆರೆಯ ತಿರುಳುಗಳನ್ನು ಒಂದಕ್ಕೊಂದು ಕೊಂಚ ಬೇರೆಯಾಗಿ ಮಾಡಿ. ಹೆಜ್ಜೆಯಳತೆ ಸ್ವಲ್ಪವೇ ಬೇರೆಯಾದರೂ ಸಾಕು. ಅಕ್ಕಪಕ್ಕದಲ್ಲೇ ಇದ್ದು, ತೇವ ತಾಕುತ್ತಿದ್ದರೂ, ಬೆಳಕು ತನ್ನ ಕಾಲುವೆಯಲ್ಲೇ ಉಳಿಯುತ್ತದೆ. ಇದರಲ್ಲಿ ಒಂದು ಅಪಾಯವುಂಟು: ಎಳೆ ಬಾಗಿದಾಗ ಹೊರಬದಿಯ ತಿರುಳಿನ ದಾರಿ ಉದ್ದವಾಗಿ, ಬೇರೆಯಾಗಿದ್ದ ಹೆಜ್ಜೆಗಳು ಆ ಬಾಗಿನಲ್ಲಿ ಹೊಂದಿಬಿಡಬಹುದು. ಆಗ ಸೋರಿಕೆ ಹೆಚ್ಚುತ್ತದೆ. ಇನ್ನೊಂದು ಪಂಥದವರು ಹೇಳುವುದೇ ಬೇರೆ: ಬೆರೆಯುವುದನ್ನು ತಡೆಯಬೇಡಿ, ಚೆನ್ನಾಗಿ ಬೆರೆಯಲಿ, ಕೊನೆಯಲ್ಲಿ ಎಲ್ಲ ತಿರುಳುಗಳನ್ನೂ ಒಟ್ಟಿಗೆ ಕೇಳಿ, ಗಣಕಯಂತ್ರದಿಂದ ಬಿಡಿಸಿ ಬೇರೆ ಮಾಡಿಕೊಳ್ಳೋಣ. ಏನೊಂದೂ ಕಳೆದುಹೋಗದಿದ್ದರೆ ಬಿಡಿಸುವುದು ಸಾಧ್ಯ. ಎರಡು ಪಂಥಗಳೂ ಇಂದು ಬಾಳುತ್ತಿವೆ.

ಕೊನೆಯದಾಗಿ, ಸೋರುವ ಕಾಲುವೆಗಳು. ಈವರೆಗೆ ಬೆಳಕು ವ್ಯಯವಾಗದೆ ಕೈ ಬದಲಾಯಿಸುತ್ತದೆಂದು ಇಟ್ಟುಕೊಂಡೆವು. ನಿಜವಾದ ಕಾಲುವೆಗಳಲ್ಲಿ ವ್ಯಯವುಂಟು, ಬಲ ತುಂಬುವ ಕಡೆ ಆಯವೂ ಉಂಟು. ಆಗ ಹೆಜ್ಜೆಯಳತೆಯನ್ನು ಗಣಿತದವರು ಸಮ್ಮಿಶ್ರ ಸಂಖ್ಯೆಯಾಗಿ ಬರೆಯುತ್ತಾರೆ: ಒಂದು ಭಾಗ ಹೆಜ್ಜೆಯನ್ನು ಎಣಿಸುತ್ತದೆ, ಇನ್ನೊಂದು ಭಾಗ ಆಯವ್ಯಯವನ್ನು ಎಣಿಸುತ್ತದೆ. ಬೆಳಕಿನ ಮೊತ್ತ ಮಾರ್ಪಡದೆ ಇರುತ್ತದೆಂಬ ನೆಚ್ಚಿಕೆಯ ಮೇಲೆ ಕಟ್ಟಿದ ಹಳೆಯ ಸೂತ್ರಗಳು ಇಲ್ಲಿ ನಡೆಯವು. ಅವನ್ನು ಬೇರೆ ತಳಹದಿಯ ಮೇಲೆ ಕಟ್ಟಬೇಕಾಯಿತು.

ಎರಡು ಸಮ ಕಾಲುವೆಗಳಲ್ಲಿ ಒಂದಕ್ಕೆ ಆಯ, ಇನ್ನೊಂದಕ್ಕೆ ಅದೇ ದರದಲ್ಲಿ ವ್ಯಯ ಇದ್ದರೆ ಏನಾದೀತು? ೨೦೦೭ರಲ್ಲಿ ಈ ಲೆಕ್ಕ ಪ್ರಕಟವಾಯಿತು. ೨೦೧೦ರಲ್ಲಿ ಲಿಥಿಯಂ ನಯೋಬೇಟ್ ಹರಳಿನಲ್ಲಿ ಮಾಡಿದ ಜೋಡಿಕಾಲುವೆಯಲ್ಲಿ ಅದನ್ನು ಕಣ್ಣಾರೆ ಕಂಡರು. ಕೊಳುಕೊಡೆಯ ಬಲ ಆಯವ್ಯಯದ ದರಕ್ಕಿಂತ ಹೆಚ್ಚಾಗಿರುವ ತನಕ ಬೆಳಕು ಎರಡರಲ್ಲಿಯೂ ಹರಿದಾಡುತ್ತಿರುತ್ತದೆ; ಒಂದು ಉಕ್ಕುವುದಿಲ್ಲ, ಇನ್ನೊಂದು ಬತ್ತುವುದಿಲ್ಲ. ಕೊಳುಕೊಡೆ ಸಡಿಲವಾಗುತ್ತ ಬಂದು ಎರಡೂ ಸಮನಾದ ಕಡೆ ಒಂದು ಹೊಸ್ತಿಲು ಇದೆ. ಅದನ್ನು ದಾಟಿದರೆ ಕೂಡುನಡೆ ಒಡೆಯುತ್ತದೆ: ಗಳಿಸುವ ಕಾಲುವೆಯಲ್ಲಿ ಬೆಳಕು ಬೆಳೆಯುತ್ತಲೇ ಹೋಗುತ್ತದೆ, ಕಳೆಯುವ ಕಾಲುವೆಗೆ ಅದರ ಪಾಲು ಸಲ್ಲುವುದಿಲ್ಲ. ಮೆಲ್ಲಮೆಲ್ಲನೆ ಸಡಿಲಿಸಿದ್ದಾದರೂ ಒಡಕು ಕಾಣುವುದು ಆ ಒಂದು ಹೊಸ್ತಿಲಿನಲ್ಲಿ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಮನಿಯಾರ್ಡರು. ನಮ್ಮ ಹಿರಿಯರು ಹೋಟೆಲಿನಲ್ಲಿ, ಗಿರಣಿಯಲ್ಲಿ, ಕಚೇರಿಯಲ್ಲಿ ದುಡಿದು ತಿಂಗಳು ತಿಂಗಳೂ ಊರಿಗೆ ಹಣ ಕಳಿಸುತ್ತಿದ್ದರು. ಇಲ್ಲಿಯ ಮನೆ ಗಳಿಸುವ ಮನೆ, ಅಲ್ಲಿಯದು ಖರ್ಚಿನ ಮನೆ. ಹಣದ ಜೊತೆಗೆ ಕಾಗದ ಹೋಗುತ್ತಿತ್ತು. ಊರಿನಿಂದ ಹಪ್ಪಳ, ಉಪ್ಪಿನಕಾಯಿ, ಸುದ್ದಿ, ಭಾಷೆ ಇಲ್ಲಿಗೆ ಬರುತ್ತಿತ್ತು. ಹೋಗಿಬರುವುದು ಬಲವಾಗಿದ್ದ ತನಕ ಎರಡೂ ಮನೆ ಒಂದೇ ಸಂಸಾರವಾಗಿದ್ದವು. ಕೊಳುಕೊಡೆ ಒಂದು ಮಿತಿಗಿಂತ ಸಡಿಲವಾದ ಕಡೆ ಇಲ್ಲಿಯ ಮನೆ ಬೆಳೆಯಿತು, ಅಲ್ಲಿಯ ಬಾಗಿಲಿಗೆ ಬೀಗ ಬಿತ್ತು. ಇಂಥ ಬೀಗ ಬಿದ್ದ ಮನೆಗಳನ್ನು ನಾವೆಲ್ಲರೂ ಬಲ್ಲೆವು.

ಉಪಮೆಯನ್ನು ಅತಿಯಾಗಿ ಎಳೆಯಬಾರದು. ಗಾಜಿಗೆ ಮನಸ್ಸಿಲ್ಲ, ಮನುಷ್ಯನಿಗಿದೆ. ಆದರೂ ಒಂದು ಮಾತನ್ನು ತಮ್ಮ ಮುಂದಿಟ್ಟು ಮುಗಿಸುತ್ತೇವೆ. ಬೈಕುಲ್ಲಾದಲ್ಲಿ ನಮ್ಮ ಎಡಕ್ಕೆ ಮರಾಠಿ, ಬಲಕ್ಕೆ ಉರ್ದು, ಮೇಲಿನ ಮಾಳಿಗೆಯಲ್ಲಿ ಗುಜರಾತಿ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ನಮ್ಮ ಮಕ್ಕಳು ಹಿಂದಿಯಲ್ಲಿ ಉತ್ತರಿಸಿದಾಗ ನಾವು ಚಿಂತಿಸುತ್ತೇವೆ. ಗೋಡೆ ಎತ್ತರಿಸಬೇಕೆಂದು ಕೆಲವರಿಗೆ ಅನಿಸುತ್ತದೆ. ಬೆಳಕಿನ ಸಿದ್ಧಾಂತ ಹೇಳುವುದು ಬೇರೆ. ಗೋಡೆಗಿಂತ ಹೆಚ್ಚಾಗಿ ಕಾಯುವುದು ತನ್ನದೇ ಆದ ಹೆಜ್ಜೆ. ಮನೆಯಲ್ಲಿ ದಿನಕ್ಕೊಂದು ಹೊತ್ತಾದರೂ ಕನ್ನಡದಲ್ಲಿ ಊಟದ ಮಾತು, ವಾರಕ್ಕೊಮ್ಮೆ ಅಜ್ಜಿಯೊಡನೆ ಫೋನಿನಲ್ಲಿ ಕನ್ನಡ, ಓದಲು ಬರೆಯಲು ಬರುವಷ್ಟು ಅಕ್ಷರ: ಇಷ್ಟು ಹೆಜ್ಜೆ ನಮ್ಮದಾಗಿದ್ದರೆ ನೆರೆಯವರೊಡನೆ ಕೊಡುವ ಪಡೆಯುವ ಸುಖವೂ ಇರುತ್ತದೆ, ನಮ್ಮ ಬೆಳಕೂ ನಮ್ಮ ಕಾಲುವೆಯಲ್ಲಿ ಉಳಿಯುತ್ತದೆ. ಬಾಗು ಬಂದ ಕಡೆ ಮಾತ್ರ ಎಚ್ಚರವಾಗಿರಬೇಕು.

ನಡೆ, ಹೆಜ್ಜೆಯಳತೆ, ಕೊಳುಕೊಡೆ, ಕೂಡುನಡೆ ಎಂದು ನಾವು ಇಂದು ಬಳಸಿದ ಶಬ್ದಗಳು ಒರಟಾಗಿರಬಹುದು. ಇವಕ್ಕಿಂತ ಒಳ್ಳೆಯ ಶಬ್ದಗಳನ್ನು ಇಲ್ಲಿ ಕುಳಿತ ತರುಣ ತರುಣಿಯರು ಕೊಟ್ಟರೆ ನಮಗೆ ಸಂತೋಷ. ಮನೆಗೆ ಹೋಗುವಾಗ ಮೆಟ್ಟಿಲ ಪೆಟ್ಟಿಗೆಯನ್ನು ಮಕ್ಕಳಿಗೆ ತೋರಿಸಿ, ಬಟ್ಟೆಯ ಹಗ್ಗಕ್ಕೆ ಎರಡು ಬೀಗ ಕಟ್ಟಿಕೊಡಿ. ಏನಾಗುತ್ತದೆಂದು ಅವರೇ ಕನ್ನಡದಲ್ಲಿ ಹೇಳಲಿ.